ಬಟ್ಟಲೊಳಗೊಂದು ಕೊಳ

ಈಜಿಪ್ಟ್ ಅಂದ ಕೂಡಲೇ ಪಿರಮಿಡ್ಡು, ಮಮ್ಮಿ, ಚಿನ್ನದ ಮುಖವಾಡ, ಇಷ್ಟೇ ನಮಗೆ ನೆನಪಾಗೋದು. ನನ್ನ ಕಣ್ಣು ಮಾತ್ರ ಅಲ್ಲಿನ ನೀಲಿ ಬಟ್ಟಲುಗಳ ಮೇಲೆ. ಫಯಾನ್ಸ್ ಅಂತಾರೆ ಅದಕ್ಕೆ.

ನೋಡೋಕೆ ಪಿಂಗಾಣಿ ಥರ ಇದ್ದರೂ ಇದು ಜೇಡಿಮಣ್ಣಿನದಲ್ಲ. ಬೆಣಚುಕಲ್ಲಿನ ಪುಡಿ ಅಥವಾ ಮರಳಿಗೆ ಒಂದಿಷ್ಟು ಸುಣ್ಣ, ಗಿಡದ ಬೂದಿ ಇಲ್ಲವೇ ನೇಟ್ರಾನ್ ಎಂಬ ಉಪ್ಪು, ಬಣ್ಣಕ್ಕೆ ಚೂರು ತಾಮ್ರ ಸೇರಿಸಿ ಕಲಸೋದು. ಒಣಗುವಾಗ ಒಳಗಿನ ಉಪ್ಪು ನೀರಿನ ಜೊತೆ ಮೇಲಕ್ಕೆ ಬಂದು ಪೊರೆಯಾಗಿ ಕೂರುತ್ತೆ. ಗೂಡಿನಲ್ಲಿ ಸುಟ್ಟಾಗ ಆ ಪೊರೆಯೇ ಕರಗಿ ಗಾಜಿನ ಹೊಳಪಾಗುತ್ತೆ. ಮೇಲಿಂದ ಬಳಿಯೋ ಕೆಲಸವೇ ಇಲ್ಲ!

ದಿನದ ಅಡುಗೆ, ಊಟಕ್ಕೆ ಅವರಿಗೂ ಮಣ್ಣಿನ ಪಾತ್ರೆಗಳೇ. ಫಯಾನ್ಸ್ ಇದ್ದದ್ದು ಕಾಡಿಗೆ ತುಂಬೋ ಕೊಳವೆಗೆ, ಮಣಿಸರಕ್ಕೆ, ಇಂಥ ಬಟ್ಟಲಿಗೆ. ಕ್ರಿ.ಪೂ. 1550ರ ನಂತರದ ಬಟ್ಟಲುಗಳನ್ನು ನೋಡಬೇಕು ನೀವು. ಚಿತ್ತಾರ ಬಟ್ಟಲಿನ ಒಳಗಡೆ! ನಡುವೆ ಚೌಕಾಕಾರದ ಕೊಳ, ಸುತ್ತ ತಾವರೆ, ಬಾಯಲ್ಲಿ ಹೂವಿನ ದಂಟು ಕಚ್ಚಿದ ಮೀನು, ಎಲ್ಲ ಕಪ್ಪು ಗೆರೆಯಲ್ಲಿ. ನೀರೋ ಹಾಲೋ ಸುರಿದರೆ ಆ ಕೊಳ ತುಂಬಿದ ಹಾಗೆ.

ಆ ಮೀನು ತಿಲಾಪಿಯಾ, ನಮ್ಮ ಕೆರೆಗಳ ಜಿಲೇಬಿ ಮೀನಿನ ನೆಂಟ. ತಾಯಿ ಮೊಟ್ಟೆಗಳನ್ನ ಬಾಯಲ್ಲೇ ಇಟ್ಟುಕೊಂಡು ಕಾಯುತ್ತೆ, ಮರಿಗಳು ಬಾಯಿಂದಲೇ ಹೊರಗೆ ಬರುತ್ತವೆ. ಅದನ್ನು ಕಂಡವರಿಗೆ ಮೀನು ಮರುಹುಟ್ಟಿನ ಗುರುತಾಯಿತು. ಸಂಜೆ ಮುಚ್ಚಿ ಬೆಳಿಗ್ಗೆ ಅರಳೋ ತಾವರೆಯೂ ಅಷ್ಟೇ.

ಈ ಬಟ್ಟಲುಗಳು ಸಿಕ್ಕಿರೋದು ಸಮಾಧಿಗಳಲ್ಲಿ; ಪ್ರೀತಿ, ಸಂತಾನಗಳ ದೇವತೆ ಹಾಥೋರಳ ಗುಡಿಗಳಲ್ಲಿ. ದೇರ್ ಎಲ್-ಬಹರಿಯಲ್ಲಿ ಅವಳಿಗೆ ಒಪ್ಪಿಸಿದ ಫಯಾನ್ಸ್ ಚೂರುಗಳು ರಾಶಿ ರಾಶಿ. ಹಾಗಾಗಿ ಇವು ಬರೀ ಪೂಜಾಸಾಮಗ್ರಿ ಅಂತ ಕೆಲವು ವಿದ್ವಾಂಸರು. ನನಗೆ ಹಾಗನ್ನಿಸಲ್ಲ. ಹೆರಿಗೆ ಅಂದ್ರೆ ಹೆಣ್ಣಿಗೆ ಮರುಜನ್ಮ ಅನ್ನೋ ಮಾತು ನಮ್ಮಲ್ಲೂ ಇದೆಯಲ್ಲ. ಬಸುರಿ, ಬಾಣಂತಿ ಬದುಕುಳಿಯೋದೇ ಕಷ್ಟವಾಗಿದ್ದ ಆ ಕಾಲದಲ್ಲಿ ಮನೆ ಬೇರೆ, ಹರಕೆ ಬೇರೆ ಅಂತ ಗೆರೆ ಎಳೆಯೋದು ಹೇಗೆ?

ನೆದರ್ಲೆಂಡ್ಸ್‌ನ ಲೈಡನ್ ಮ್ಯೂಸಿಯಮ್ಮಿನಲ್ಲಿ ಇಂಥದೊಂದು ಬಟ್ಟಲಿದೆ. ಅದರೊಳಗೆ ಹುಡುಗಿಯೊಬ್ಬಳು ದಿಂಬಿನ ಮೇಲೆ ಕೂತು ತಂತಿವಾದ್ಯ ನುಡಿಸುತ್ತಿದ್ದಾಳೆ. ತೊಡೆಯ ಮೇಲೆ ಹಚ್ಚೆ: ಬಾಣಂತಿ, ಕೂಸುಗಳನ್ನ ಕಾಯೋ ಕುಳ್ಳ ದೇವರು ಬೇಸ್. ಹಿಂದೆ ಒಂದು ಕೋತಿ, ಅವಳ ಸೊಂಟದ ಪಟ್ಟಿ ಎಳೀತಾ ಇದೆ. ಅವಳು ಮಾತ್ರ ಅತ್ತ ತಿರುಗಿಯೂ ನೋಡಿಲ್ಲ.