ಇರುವೆ ಕುಣಿಯುವ ಪೆಟ್ಟಿಗೆಯೊಳಗಿಂದ ಕನ್ನಡ ಬಂತು!

'ಟೀವಿ ಬಂತು, ಥಿಯೇಟರು ಕೆಟ್ಟಿತು'... ಗಾಂಧಿನಗರದ ಯಾವ ಆಫೀಸಿನ ಮೆಟ್ಟಿಲು ಹತ್ತಿದರೂ ಕೇಳುವುದು ಇದೇ ರಾಗ. ನಿರ್ಮಾಪಕರು ಅದನ್ನೇ ಅನ್ನುತ್ತಾರೆ, ಹಂಚಿಕೆದಾರರೂ ಅದನ್ನೇ ಅನ್ನುತ್ತಾರೆ. ಅನ್ನಲಿ ಪಾಪ, ಅವರ ನಷ್ಟ ಅವರಿಗೇ ಗೊತ್ತು. ಆದರೆ ಬೀದರ್ ಜಿಲ್ಲೆಯ ನನ್ನಂಥವನನ್ನು ಕೇಳಿದರೆ ಈ ಲೆಕ್ಕ ತಿರುವುಮುರುವಾಗುತ್ತದೆ. ನಮ್ಮ ಔರಾದಿನಲ್ಲಿ ಟೀವಿ ಕನ್ನಡ ಸಿನಿಮಾವನ್ನು ಕೊಲ್ಲಲಿಲ್ಲ ಸ್ವಾಮೀ, ಕೈಹಿಡಿದು ಕರೆತಂದಿತು!

ನಕ್ಷೆ ಬಿಡಿಸಿ ನೋಡಿ. ಔರಾದ್ ಅಂದರೆ ಕರ್ನಾಟಕದ ನೆತ್ತಿ. ಒಂದು ಕಡೆ ಮಹಾರಾಷ್ಟ್ರದ ಉದಗೀರ, ದೇಗಲೂರು. ಇನ್ನೊಂದು ಕಡೆ ತೆಲಂಗಾಣ. ಬೀದರಿನಿಂದ ಹೈದರಾಬಾದಿಗೆ ಬಸ್ಸಿನಲ್ಲಿ ಮೂರು ನಾಲ್ಕು ತಾಸು. ಬೆಂಗಳೂರಿಗೆ ಹೊರಟರೆ ಸುಮಾರು 700 ಕಿಲೋಮೀಟರು, ಇಡೀ ರಾತ್ರಿಯ ಪ್ರಯಾಣ. 1948ರವರೆಗೆ ನಿಜಾಮರ ಆಳ್ವಿಕೆ. ಮೈಸೂರು ರಾಜ್ಯ ಸೇರಿದ್ದು 1956ರ ನವೆಂಬರ್ 1ರಂದು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಬಸ್ ಸ್ಟ್ಯಾಂಡಿನಲ್ಲಿ ದಖನಿ, ಲಗ್ನದ ಬ್ಯಾಂಡಿನಲ್ಲಿ ಹಿಂದಿ ಹಾಡು. ನಾನು ಸಣ್ಣವನಿದ್ದಾಗ ಗೋಡೆ ತುಂಬ ಹಿಂದಿ, ತೆಲುಗು ಚಿತ್ರಗಳ ಪೋಸ್ಟರೇ. ಕನ್ನಡದ ಹೀರೋ ನಮ್ಮೂರಿಗೆ ಬರಬೇಕಾದರೆ ಇದ್ದ ದಾರಿ ಒಂದೇ, ಮಾಳಿಗೆ ಮೇಲಿನ ಆಂಟೆನಾ!

ಆ ಆಂಟೆನಾ ಕತೆ ಹೇಳಲು ನನಗೆ ಒಂದಿಷ್ಟು ಹಕ್ಕಿದೆ. ಯಾಕೆಂದರೆ ನಮ್ಮಪ್ಪ ಟೀವಿ ಮೆಕ್ಯಾನಿಕ್.

ಸೀಟಿ ಹೊಡೆಯುವ ಟೀವಿ

ಅಪ್ಪನ ಅಂಗಡಿ ಇದ್ದದ್ದು ಬಸ್ ಸ್ಟ್ಯಾಂಡಿನ ಹತ್ತಿರ. ಹತ್ತು ಅಡಿಗೆ ಎಂಟಡಿ. ಒಳಗೆ ಹೊಟ್ಟೆ ಬಿಚ್ಚಿಕೊಂಡು ಕೂತ ಟೀವಿಗಳ ಸಾಲು. ಬೆಸುಗೆ ಹಾಕುವ ಕಡ್ಡಿಯ ಹೊಗೆ, ಧೂಳು, ಚಹದ ವಾಸನೆ. ಸಾಲಿ ಬಿಟ್ಟ ಕೂಡಲೇ ನಾನು ಪಾಟಿಚೀಲದ ಸಮೇತ ಅಲ್ಲಿ ಹಾಜರು.

ಮಿತ್ರರೇ, ಹಳೆ ಟೀವಿ ಒಂದು ಸಣ್ಣ ಸೀಟಿ ಹೊಡೆಯುತ್ತಿತ್ತು, ನೆನಪಿದೆಯೇ? ದಪ್ಪ ಪಿಕ್ಚರ್ ಟ್ಯೂಬಿನ ಸೆಟ್ಟುಗಳಲ್ಲಿ ಪರದೆಯ ಮೇಲೆ ಗೆರೆ ಎಳೆಯುವ ಕೆಲಸ ಸೆಕೆಂಡಿಗೆ 15,625 ಸಲ ನಡೆಯುತ್ತಿತ್ತು. ಅದರದೇ ಸದ್ದು ಅದು. ಎಳೆಯ ಕಿವಿಗೆ ಕೇಳುತ್ತದೆ, ವಯಸ್ಸಾದವರಿಗೆ ಕೇಳುವುದಿಲ್ಲ. ಬಾಗಿಲು ಮುಚ್ಚಿದ ಮನೆಯಲ್ಲಿ ಟೀವಿ ನಡೆದಿದೆಯೋ ಇಲ್ಲವೋ ಅಂತ ಓಣಿಯಲ್ಲಿ ನಿಂತೇ ಹೇಳುತ್ತಿದ್ದೆವು. ಅಪ್ಪನಿಗೆ ಆ ಸೀಟಿ ಕೇಳುತ್ತಿರಲಿಲ್ಲ. 'ಏ ತಮ್ಮಾ, ಸೀಟಿ ಬರ್ತದೇನ್ ನೋಡು' ಅಂತ ನನ್ನ ಕಿವಿಯನ್ನೇ ಸೆಟ್ಟಿನ ಬೆನ್ನಿಗೆ ಹಿಡಿಸುತ್ತಿದ್ದ. ಸೀಟಿ ಬಂದರೆ ಆ ಭಾಗಕ್ಕೆ ಜೀವ ಇದೆ ಅಂತ ಅರ್ಥ. ಏಳು ವರ್ಷಕ್ಕೇ ನಾನು ಅವನ ಅಸಿಸ್ಟೆಂಟು!

ಒಳಗೆ ಕೈಹಾಕುವಂತಿರಲಿಲ್ಲ. ಕಲರ್ ಟ್ಯೂಬಿನಲ್ಲಿ ಇಪ್ಪತ್ತು ಸಾವಿರ ವೋಲ್ಟಿನ ಮೇಲೆ ಕುಣಿಯುತ್ತದೆ. ಪ್ಲಗ್ ಕಿತ್ತ ಮೇಲೂ ಒಳಗೆ ಶಾಕ್ ಹಿಡಿದುಕೊಂಡು ಕೂತಿರುತ್ತದೆ. ಅಪ್ಪ ಬಲಗೈಯಲ್ಲಿ ಕೆಲಸ ಮಾಡುವಾಗ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದ. 'ಎರಡೂ ಕೈ ಹಾಕಿದ್ರ ಎದಿ ದಾಟ್ಕೊಂಡ್ ಹೋಗ್ತದ' ಅನ್ನುತ್ತಿದ್ದ.

ದಿಕ್ಕಿಗೊಂದು ಭಾಷೆ

ಆಂಟೆನಾ ತಿರುವುವುದೂ ನನ್ನದೇ ಕೆಲಸ. ನಾನು ಮಾಳಿಗೆ ಮೇಲೆ, ಗಿರಾಕಿ ಅಂಗಳದಲ್ಲಿ, ಅಪ್ಪ ಒಳಗೆ.

'ಬಂತೇನ್ರಿ?'

'ಇಲ್ಲಪ್ಪಾ, ಬರೇ ಇರಿಬಿ ಕುಣೀಲಕತ್ಯಾವ!'

'ಈಗ?'

'ಹಾಂ ಹಾಂ, ಬಂತು... ಏ, ಹೋತು ನೋಡು!'

'ನಮ್ಮೂರಾಗ ಆಂಟೆನಾ ಅಂದ್ರ ದಿಕ್ಕಿಗೊಂದು ಭಾಷಾ' ಅಂತ ಅಪ್ಪನ ತಮಾಷೆ. ಮೂಡಲಕ್ಕೆ ತಿರುವಿದರೆ ತೆಲುಗು, ಪಡುವಲಕ್ಕೆ ಮರಾಠಿ, ತೆಂಕಣಕ್ಕೆ ಪುಣ್ಯ ಇದ್ದರೆ ಕನ್ನಡ! ನಗೆಮಾತೇ ಸರಿ. ಆದರೆ ನಮ್ಮ ಗಡಿನಾಡಿನ ಪೂರಾ ಚರಿತ್ರೆ ಆ ಮಾತಿನೊಳಗಿದೆ.

ಐತವಾರ ಸಂಜೆ ದೂರದರ್ಶನದಲ್ಲಿ ಕನ್ನಡ ಚಿತ್ರ. ಅಂದು ಅಂಗಡಿಯ ಮುಂದೆ ಹೆಜ್ಜೆ ಇಡಲು ಜಾಗ ಇರುತ್ತಿರಲಿಲ್ಲ. ಟಾಂಗಾ ಬಿಟ್ಟು ಆಟೋ ಹಿಡಿದವರು, ಜೋಳದ ಚೀಲ ಹೊರುವವರು, ಬಸ್ಸು ತಪ್ಪಿಸಿಕೊಂಡವರು, ಬೇಕೆಂತಲೇ ತಪ್ಪಿಸಿಕೊಂಡವರು... 'ಬಂಗಾರದ ಮನುಷ್ಯ', 'ನಾಗರಹಾವು' (ಎರಡೂ 1972ರವು) ನಾನು ನೋಡಿದ್ದು ಹಾಗೆ, ಯಾರದೋ ಹೆಗಲ ಸಂದಿಯಿಂದ. ವೋಲ್ಟೇಜು ಇಳಿದಾಗ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗಿ, ವರನಟರೂ ಗೇಣುದ್ದ ಆಗುತ್ತಿದ್ದರು. ಆದರೂ ಎದ್ದು ಹೋದವರನ್ನು ನಾನು ಕಾಣೆ.

ಆ ಬುಧವಾರ

2006ರ ಏಪ್ರಿಲ್ 12. ಆಗ ನಾನು ಒಂಬತ್ತರ ಹುಡುಗ. ರಾಜಕುಮಾರ್ ಹೋದರು ಅನ್ನುವ ಸುದ್ದಿ ಬಸ್ ಸ್ಟ್ಯಾಂಡಿಗೆ ಬಂದಾಗ ಅಪ್ಪ ಒಂದು ಮಾತೂ ಆಡಲಿಲ್ಲ. ಅಂಗಡಿಯಲ್ಲಿ ಜೀವ ಇದ್ದ ಸೆಟ್ಟುಗಳನ್ನೆಲ್ಲ ಒಂದೊಂದಾಗಿ ಹಚ್ಚಿದ. ಒಂದರಲ್ಲಿ ಚಿತ್ರ ಇದೆ, ಧ್ವನಿ ಇಲ್ಲ. ಇನ್ನೊಂದರಲ್ಲಿ ಧ್ವನಿ ಇದೆ, ಪರದೆಯ ನಡುವೆ ಬರೀ ಒಂದು ಬಿಳಿ ಗೆರೆ. ಮತ್ತೊಂದರಲ್ಲಿ ಎಲ್ಲರ ಮುಖವೂ ಹಸಿರು. ಎಲ್ಲ ಸೇರಿ ಒಂದು ಟೀವಿ ಆಯಿತು.

ದೇಗಲೂರು ಬಸ್ಸಿಗೆ ಕಾಯುತ್ತಿದ್ದ ಮುದುಕರೊಬ್ಬರು ಬಂದು ಮರಾಠಿಯಲ್ಲಿ ಕೇಳಿದರು, ಯಾರು ಹೋದರು ಅಂತ. ಅಪ್ಪ ಹೇಳಿದ. ಅವರಿಗೆ ಹೆಸರು ತಿಳಿಯಲಿಲ್ಲ. ಪರದೆಯಲ್ಲಿ ಹಳೆ ಚಿತ್ರದ ತುಣುಕು ಬಂದಾಗ ಮುಖ ಗುರುತು ಹತ್ತಿತು. 'ಅರೆ, ಇವರನ್ನು ಇಲ್ಲಿಯೇ ನೋಡಿದ್ದೆನಲ್ಲ' ಅಂತ ಮರಾಠಿಯಲ್ಲೇ ಅಂದು ತಲೆ ಮೇಲಿನ ಟೋಪಿ ತೆಗೆದರು. ಬಸ್ಸು ಬಂತು, ಹೋಯಿತು. ಅವರು ಹತ್ತಲಿಲ್ಲ.

ನೋಡಿ, ಕನ್ನಡ ಚಿತ್ರ ಗಡಿ ದಾಟಿದ್ದು ಹೀಗೆ. ವಾಣಿಜ್ಯ ಮಂಡಳಿಯ ಯಾವ ಲೆಕ್ಕದ ಪುಸ್ತಕದಲ್ಲೂ ಇದು ಇರಲಾರದು!

ಭಾಲ್ಕಿಯ ಮಾವನ ಮನೆ

ಬೇಸಿಗೆ ರಜೆಗೆ ಭಾಲ್ಕಿ, ಅವ್ವನ ತವರು. ಮಾಮಾನ ಮನೆಯಲ್ಲಿ ಕೇಬಲ್ ಕನೆಕ್ಷನ್! ಉದಯ ಟೀವಿ, ಈಟೀವಿ ಎರಡೂ ಬರುತ್ತಿದ್ದವು. ನಮ್ಮ ಪಾಲಿಗೆ ಅದೇ ಮೆಜೆಸ್ಟಿಕ್ಕು.

ಭಾಲ್ಕಿ ಅಂದರೆ ಸಾಮಾನ್ಯ ಊರಲ್ಲ. ನಿಜಾಮರ ಕಾಲದಲ್ಲಿ ಅಲ್ಲಿನ ಹಿರೇಮಠದ ಚನ್ನಬಸವ ಪಟ್ಟದೇವರು ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಆ ಭಾಗದಲ್ಲಿ ಇವತ್ತಿಗೂ ಎಲ್ಲರ ಬಾಯಲ್ಲಿರುವ ಕತೆ ಅದು. ನನ್ನ ಆಯಿ, ಅಂದರೆ ಅವ್ವನ ತಾಯಿ, ಈ ಕತೆ ಹೇಳಿ ಟೀವಿ ಕಡೆ ಕೈತೋರಿಸಿ ಅನ್ನುತ್ತಿದ್ದಳು: 'ಈಗ ನೋಡು, ಬೋರ್ಡೂ ಬ್ಯಾಡ, ಮಾಸ್ತರೂ ಬ್ಯಾಡ. ಕುಂತಲ್ಲೇ ಕನ್ನಡ!'

ಆ ಕನ್ನಡದ ಒಂದು ಮೋಜು ಕೇಳಿ. ಈಟೀವಿ ಕನ್ನಡ ಆರಂಭವಾದದ್ದು 2000ದಲ್ಲಿ. ಅದರ ಸುದ್ದಿ ಓದುತ್ತಿದ್ದದ್ದು ಎಲ್ಲಿಂದ? ಹೈದರಾಬಾದಿನ ಆಚೆಯ ರಾಮೋಜಿ ಫಿಲ್ಮ್ ಸಿಟಿಯಿಂದ! ಬೆಂಗಳೂರಿನಿಂದ ಬರಲಾಗದ ಕನ್ನಡ, ನಿಜಾಮರ ಊರಿನಿಂದ ಬೀದರಿಗೆ ಬಂತು. 2015ರಲ್ಲಿ ಆ ಹೆಸರೂ ಹೋಗಿ 'ಕಲರ್ಸ್ ಕನ್ನಡ' ಆಯಿತು. ಆಯಿ ಮಾತ್ರ ಕೊನೆತನಕ 'ಈಟೀವಿ ಹಚ್ಚು' ಅಂತಲೇ ಅನ್ನುತ್ತಿದ್ದಳು.

ಇನ್ನೂ ಹಿಂದೆ ಹೋದರೆ ಇನ್ನೊಂದು ಅಚ್ಚರಿ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ನಮ್ಮ ವಿಜ್ಞಾನಿಗಳು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ತೋರಿಸಿದರು. 'ಸೈಟ್' ಪ್ರಯೋಗ ಅಂತ ಅದರ ಹೆಸರು. ಕರ್ನಾಟಕದಲ್ಲಿ ಆರಿಸಿದ್ದು ಬೆಂಗಳೂರು, ಮೈಸೂರನ್ನಲ್ಲ. ನಮ್ಮ ಕಡೆಯ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. 1977ರಲ್ಲಿ ಗುಲ್ಬರ್ಗಕ್ಕೆ ದೂರದರ್ಶನ ಕೇಂದ್ರವೂ ಬಂತು. ಬೆಂಗಳೂರಿಗೆ ಬಂದದ್ದು 1981ರಲ್ಲಿ! ಹಿಂದುಳಿದವರು ಅಂತ ಕರೆಸಿಕೊಳ್ಳುವ ನಾವು ಈ ಒಂದು ವಿಷಯದಲ್ಲಿ ರಾಜಧಾನಿಗಿಂತ ನಾಲ್ಕು ವರ್ಷ ಮುಂದೆ. ಮೀಸೆ ತಿರುವಬಹುದಲ್ಲವೆ?

ಪರದೆಯ ಮೇಲೆ ನಾವೆಲ್ಲಿ?

ಹೊಗಳಿದ್ದು ಸಾಕು, ತಕರಾರೂ ಹೇಳಬೇಕು. ಟೀವಿ ನಮಗೆ ಕನ್ನಡ ತಂದಿತು, ಖರೆ. ಆದರೆ ಯಾರ ಕನ್ನಡ? ಧಾರಾವಾಹಿಯ ಡಾಕ್ಟರು, ವಕೀಲ, ನಾಯಕ, ನಾಯಕಿ ಎಲ್ಲರೂ 'ಬರ್ತೀನಿ, ಹೋಗ್ತೀನಿ' ಅನ್ನುವವರು. 'ಬರ್ಲಕತ್ತೀನ್ರಿ' ಅನ್ನುವವನು ಬಂದ ಅಂದರೆ ಅವನು ಆಳು, ಇಲ್ಲವೇ ನಗಿಸುವವನು. ವೈಶಾಲಿ ಕಾಸರವಳ್ಳಿಯವರ 'ಮೂಡಲ ಮನೆ' ಬಂದಾಗ ಮಾತ್ರ ಆಯಿ ರೊಟ್ಟಿ ಬಡಿಯುವುದು ಬಿಟ್ಟು ಎದ್ದು ಬಂದಿದ್ದಳು. 'ಏ, ಇವರು ನಮ್ಮಂಗ ಮಾತಾಡ್ತಾರಲೇ!' ಅಂತ. ಅದು ಧಾರವಾಡದ ಕಡೆಯ ಮಾತು, ಬೀದರಿನದಲ್ಲ. ಆದರೂ ಅವಳಿಗೆ ಆದ ಹಿಗ್ಗು ಹೇಳತೀರದು.

ನಾನೂ ಕನ್ನಡಿ ಮುಂದೆ ನಿಂತು ಟೀವಿ ಕನ್ನಡ ಕಲಿತೆ. ಇವತ್ತು ನಾನು ಬರೆಯುವ ಈ ಕನ್ನಡದಲ್ಲಿ ಅರ್ಧ ಸಾಲಿಯದು, ಅರ್ಧ ಆ ಪೆಟ್ಟಿಗೆಯದು. ಮನೆಗೆ ಫೋನು ಮಾಡಿದರೆ ತಂಗಿ ನಗುತ್ತಾಳೆ, 'ಯಣ್ಣಾ, ಸೀರಿಯಲ್ಲಿನಾಂವ ಮಾತಾಡ್ದಂಗ ಆತು' ಅಂತ.

ಸೀಟಿ ನಿಂತಿತು

2011ರ ಏಪ್ರಿಲ್ 2. ವಿಶ್ವಕಪ್ ಫೈನಲ್ಲು. ಕರೆಂಟು ಕೈಕೊಟ್ಟಿತು. ಅಪ್ಪ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿಸಿ ತಂದು ಹನ್ನೆರಡು ವೋಲ್ಟಿನ ಸಣ್ಣ ಕಪ್ಪುಬಿಳುಪು ಸೆಟ್ಟಿಗೆ ಕೊಟ್ಟ. ಧೋನಿ ಸಿಕ್ಸರು ಹೊಡೆದಾಗ ಚೆಂಡು ಯಾರಿಗೂ ಕಾಣಲಿಲ್ಲ, ಆದರೆ ಚೀರದವರು ಯಾರೂ ಇಲ್ಲ! ಅಪ್ಪನ ಅಂಗಡಿಯ ಕೊನೆಯ ದೊಡ್ಡ ಹಬ್ಬ ಅದು.

ಆಮೇಲೆ ಬಂದವು ಗೋಡೆಗೆ ತೂಗುವ ತೆಳ್ಳನೆ ಟೀವಿಗಳು. ಅವುಗಳ ಪ್ಯಾನೆಲ್ ಒಡೆದರೆ ರಿಪೇರಿ ಖರ್ಚಿಗೆ ಹೊಸದೇ ಬರುತ್ತದೆ. ಬೆಸುಗೆ ಕಡ್ಡಿಗೆ ಕೆಲಸವಿಲ್ಲ. ಗಿರಾಕಿಗಳು ಹಳೆ ಸೆಟ್ಟು ಬಿಟ್ಟುಹೋದರು, ಒಯ್ಯಲು ತಿರುಗಿ ಬರಲಿಲ್ಲ. 2014ರಲ್ಲಿ ಅಪ್ಪ ಷಟರ್ ಎಳೆದು ಹೈದರಾಬಾದಿಗೆ ಹೋದ. ಅಲ್ಲಿ ಒಂದು ಅಪಾರ್ಟ್‌ಮೆಂಟಿನಲ್ಲಿ ಲೈಟು, ಮೋಟರು ನೋಡಿಕೊಳ್ಳುವ ಕೆಲಸ. ನಾನಾಗ ಬೀದರಿನಲ್ಲಿ ಪಿಯುಸಿ ಎರಡನೇ ವರ್ಷ, ಸೈನ್ಸು. ಕೆಳಗೆ ಇಬ್ಬರು ತಂಗಿಯರು. ಮೂವರ ಫೀಜು ಒಂದು ಪಗಾರದಲ್ಲಿ ಆಗುವ ಮಾತಲ್ಲ. ನಾನು ಬಿಟ್ಟೆ, ಅವರು ಓದಿದರು. ದೂರಲು ಇದರಲ್ಲಿ ಯಾರೂ ಇಲ್ಲ. ಒಂದು ಯಂತ್ರ ಹೋಯಿತು, ಅದರ ಹಿಂದೆ ಒಂದು ಕಸುಬು ಹೋಯಿತು. ನಮ್ಮೂರಲ್ಲಿ ಅಪ್ಪನಂಥ ಮೆಕ್ಯಾನಿಕ್ಕುಗಳು ನಾಲ್ವರಿದ್ದರು. ಈಗ ಒಬ್ಬರೂ ಇಲ್ಲ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಅಂದಾಗ ಅಪ್ಪ ಹೇಗೋ ಊರು ಸೇರಿದ. ಅದೇ 28ರಿಂದ ದೂರದರ್ಶನದಲ್ಲಿ ರಮಾನಂದ ಸಾಗರರ 'ರಾಮಾಯಣ' ಮತ್ತೆ ಶುರು. ಅಟ್ಟದ ಮೇಲಿನ ಹದಿನಾಲ್ಕು ಇಂಚಿನ ಸೆಟ್ಟು ಇಳಿಸಿದ. ಗುಜರಿಯವನಿಗೆ ಕೊಡಲು ಅವ್ವ ಒಪ್ಪಿರಲಿಲ್ಲ, ಅದರ ಪುಣ್ಯ! ಬೆನ್ನು ಬಿಚ್ಚಿ, ಒಂದು ಕೆಪ್ಯಾಸಿಟರು ಬದಲಿಸಿ, ಮನೆಯ ಫ್ರೀ ಡಿಶ್ ಬಾಕ್ಸಿಗೆ ಜೋಡಿಸಿ, ಅದೇ ಹಳೆ ಮಾತು ಕೇಳಿದ:

'ತಮ್ಮಾ, ಸೀಟಿ ಬರ್ತದೇನ್ ನೋಡು.'

ಕಿವಿ ಹಚ್ಚಿದೆ. ನನಗೆ ಇಪ್ಪತ್ತಮೂರು ವರ್ಷ. ಸೀಟಿ ಇತ್ತು, ಸಣ್ಣಗೆ.

'ಬರ್ತದಪ್ಪಾ.'

ಅಷ್ಟೇ ಅವನಿಗೆ ಬೇಕಾದದ್ದು. ಆ ಎರಡು ತಿಂಗಳಲ್ಲಿ ಓಣಿಯ ಐದಾರು ಮನೆಯ ಸತ್ತ ಟೀವಿಗಳು ಎದ್ದು ಕೂತವು. ಅಪ್ಪ ಯಾರ ಹತ್ತಿರವೂ ಹಣ ಮುಟ್ಟಲಿಲ್ಲ. ಆದರೆ ಅವನು ನಡೆಯುವ ರೀತಿ ಬದಲಾಗಿತ್ತು. ಮೇ ತಿಂಗಳಲ್ಲಿ ಹಿಂದಿಯ 'ಮಹಾಭಾರತ'ವೊಂದು ಸುವರ್ಣ ಚಾನೆಲ್ಲಿನಲ್ಲಿ ಕನ್ನಡ ಮಾತಾಡತೊಡಗಿತು. ಪಕ್ಕದ ಮನೆಯ ಡಿಶ್‌ನಲ್ಲಿ ಅದನ್ನು ನೋಡಿ ಬಂದ ಅವ್ವ, 'ಕೃಷ್ಣ ಪರಮಾತ್ಮ ಬೆಂಗಳೂರ್ ಕನ್ನಡಾ ಕಲ್ತಾನ್ರಿ' ಅಂದಳು. ಡಬ್ಬಿಂಗ್ ಬೇಕು ಬೇಡ ಅಂತ ವರ್ಷಗಟ್ಟಲೆ ಜಗಳಾಡಿದವರು ಈ ವಿಮರ್ಶೆಯನ್ನೊಂದು ಕೇಳಬೇಕಿತ್ತು!

ಲಾಕ್‌ಡೌನ್ ಮುಗಿಯಿತು, ಅಪ್ಪ ಮತ್ತೆ ಹೈದರಾಬಾದಿಗೆ. 2022ರ ಮಾರ್ಚ್ ಹೊತ್ತಿಗೆ ಸರ್ಕಾರ ದೇಶದಲ್ಲಿ ಆಂಟೆನಾಕ್ಕೆ ಚಿತ್ರ ಕಳಿಸುತ್ತಿದ್ದ ಹಳೆ ಟ್ರಾನ್ಸ್‌ಮಿಟರುಗಳನ್ನು, ಆಯಕಟ್ಟಿನ ಸುಮಾರು 50 ಬಿಟ್ಟು, ಮುಚ್ಚಿಬಿಟ್ಟಿತು. ಈಗ ಔರಾದಿನ ಮಾಳಿಗೆಗಳ ಮೇಲೆ ಉಳಿದಿರುವ ಆಂಟೆನಾಗಳು ಬಟ್ಟೆ ಒಣಗಿಸಲು, ಕಾಗೆ ಕೂರಲು.

ಈಗ ಬೀದರಿನಲ್ಲಿ ನನ್ನ ಬಾಡಿಗೆ ರೂಮಿನ ಪಕ್ಕ ಒಬ್ಬ ಖಾಲಾ ಇದ್ದಾರೆ. ಮನೆಮಾತು ಉರ್ದು, ಕನ್ನಡ ಓದಲು ಬಾರದು. ಆದರೆ ರಾತ್ರಿಯ ಕನ್ನಡ ಧಾರಾವಾಹಿ ಒಂದೂ ತಪ್ಪಿಸುವುದಿಲ್ಲ. ಮೊನ್ನೆ ಕೇಳಿದರು, 'ಬೇಟಾ, ಈ ಸೀರಿಯಲ್ನವ್ರು ಬೀದರ್ಕ ಯಾಕ ಬರಲ್ಲ? ಶೂಟಿಂಗ್ ಮಾಡ್ಲಿಕ್ಕ ಇಷ್ಟ್ ದೊಡ್ಡ ಕಿಲ್ಲಾ ಅದ, ನಾವೂ ಅದೀವಲ್ಲ.'

ಗಾಂಧಿನಗರದ ದೊಡ್ಡವರೇ, ಪ್ರಶ್ನೆ ಖಾಲಾ ಅವರದು. ಉತ್ತರ ಇದ್ದರೆ ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ, ನಾನು ಅವರಿಗೆ ಓದಿ ಹೇಳುತ್ತೇನೆ.