ಬಿಚ್ಚಿ ನೋಡದ ಗಂಟು

“ಎಲ್ಲ ಕಂಪ್ಯೂಟರಿನಲ್ಲಿದೆ, ಯೋಚನೆ ಮಾಡಬೇಡಿ” ಎಂದು ಯಾರಾದರೂ ಹೇಳಿದರೆ ನನಗೆ ಆಗಲೇ ಯೋಚನೆ ಹತ್ತುತ್ತದೆ.

ಕೆಲವು ವರ್ಷಗಳ ಹಿಂದೆ ನಾನಿದ್ದ ಶಾಲೆಯ ಕಂಪ್ಯೂಟರಿನ ಡಿಸ್ಕು ಒಂದು ಬೆಳಿಗ್ಗೆ ಕೆಟ್ಟು ಕೂತಿತು. ಮಕ್ಕಳ ಹೆಸರು, ಹುಟ್ಟಿದ ದಿನ, ಅಂಕ, ಎಲ್ಲವೂ ಅದರ ಹೊಟ್ಟೆಯೊಳಗೆ. ಪ್ರತಿ ಶನಿವಾರ ಪೆನ್‌ಡ್ರೈವಿಗೆ ನಕಲು ಮಾಡಿಟ್ಟಿದೆಯಲ್ಲ ಎಂದು ಧೈರ್ಯವಾಗಿ ಬೀರು ತೆರೆದರು. ಅದರಲ್ಲಿದ್ದದ್ದು ಕಡತವಲ್ಲ, ಕಡತದ ಶಾರ್ಟ್‌ಕಟ್ ಮಾತ್ರ! ಒಡವೆಯನ್ನು ಬಿಟ್ಟು, ಒಡವೆ ಎಲ್ಲಿದೆಯೆಂಬ ಚೀಟಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ಹಾಗೆ. ಎರಡು ವರ್ಷದ ಶನಿವಾರಗಳು ಹೀಗೆ ಕಳೆದಿದ್ದವು.

ಗೌರವಧನದ ಮೇಲೆ ಬರುತ್ತಿದ್ದ ಕಂಪ್ಯೂಟರ್ ಹುಡುಗಿಯನ್ನು ಆ ವಾರವೇ ಮನೆಗೆ ಕಳಿಸಿದರು. ವಿಷಯ ಹೊರಗೆ ಹೋಗಕೂಡದೆಂದು ನಮಗೆಲ್ಲ ತಾಕೀತಾಯಿತು. ಹಳೆಯ ದಾಖಲಾತಿ ಪುಸ್ತಕಗಳನ್ನು ಹರಡಿಕೊಂಡು ಒಂದು ತಿಂಗಳು ಎಲ್ಲವನ್ನೂ ಮತ್ತೆ ತುಂಬಿದೆವು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯಿದೆ. ನಾವು ಅದನ್ನೂ ಹಾಕಲಿಲ್ಲ. ಮುಂದಿನ ಶನಿವಾರ ಇನ್ನೊಬ್ಬರು ನಕಲು ಮಾಡಿ ಬೀರುವಿನಲ್ಲಿಟ್ಟರು. ತೆರೆದು ನೋಡಿದವರು ಯಾರೂ ಇಲ್ಲ.

ಬೆಂಗಳೂರಿನಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಕೆಲಸದಲ್ಲಿರುವ ನನ್ನ ಅಕ್ಕನ ಮಗನಿಗೆ ಇದನ್ನು ಹೇಳಿದೆ. ನಗುತ್ತಾನೆಂದುಕೊಂಡಿದ್ದೆ. ನಗಲಿಲ್ಲ, ಗಿಟ್‌ಲ್ಯಾಬ್ ಎಂಬ ಕಂಪನಿಯ ಕಥೆ ಹೇಳಿದ.

ಪ್ರೋಗ್ರಾಂ ಬರೆಯುವವರು ತಮ್ಮ ಕೆಲಸವನ್ನು ಇಡುವ ಜಾಗ ಅದು. 2017ರ ಜನವರಿ 31ರ ರಾತ್ರಿ ದಣಿದ ಎಂಜಿನಿಯರ್ ಒಬ್ಬ, ಜೊತೆಯ ಸರ್ವರಿನಲ್ಲಿ ಅಳಿಸಬೇಕಾದದ್ದನ್ನು ಮುಖ್ಯ ಸರ್ವರಿನಲ್ಲಿ ಅಳಿಸಿಬಿಟ್ಟ. ಎಚ್ಚೆತ್ತು ಕೈ ತಡೆಯುವಷ್ಟರಲ್ಲಿ ಸುಮಾರು 300 ಗಿಗಾಬೈಟಿನಲ್ಲಿ ಉಳಿದದ್ದು ನಾಲ್ಕೂವರೆ. ನಕಲುಗಳನ್ನು ಹುಡುಕಿದರೆ ದಿನನಿತ್ಯದ ನಕಲು ಬರಿದು! ನಕಲು ತೆಗೆಯುವ ಪ್ರೋಗ್ರಾಂ ಡೇಟಾಬೇಸಿಗಿಂತ ಹಳೆಯ ಆವೃತ್ತಿಯದು, ಹಾಗಾಗಿ ಕೆಲಸವೇ ಮಾಡಿರಲಿಲ್ಲ. ಅದನ್ನು ತಿಳಿಸಬೇಕಾದ ಇ-ಮೇಲ್‌ಗಳೂ ಯಾರಿಗೂ ತಲುಪಿರಲಿಲ್ಲ. ಕೊನೆಗೆ ಕೈಹಿಡಿದದ್ದು ಆರು ಗಂಟೆ ಮೊದಲು ಬೇರೆ ಕೆಲಸಕ್ಕಾಗಿ ಅದೇ ಎಂಜಿನಿಯರ್ ತೆಗೆದಿದ್ದ ಒಂದು ನಕಲು. ಆ ಆರು ಗಂಟೆಗಳಲ್ಲಿ ಸೇರಿದ್ದು ಮಾತ್ರ ಮರಳಲಿಲ್ಲ.

ಅಷ್ಟು ದೊಡ್ಡ ಕಂಪನಿಯೂ ನಮ್ಮ ಹಾಗೆಯೇ ಎಡವಿತ್ತು. ಎಡವಿದ ಮೇಲೆ ಮಾತ್ರ ನಮ್ಮ ಹಾಗೆ ನಡೆಯಲಿಲ್ಲ. ದುರಸ್ತಿಯ ಟಿಪ್ಪಣಿಗಳನ್ನು ಎಲ್ಲರಿಗೂ ತೆರೆದಿಟ್ಟರು, ಕೆಲಸವನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿದರು, ಏಕೆ ಹೀಗಾಯಿತೆಂದು ವರದಿ ಬರೆದು ಪ್ರಕಟಿಸಿದರು. ಎಂಜಿನಿಯರನ್ನು ಕೆಲಸದಿಂದ ತೆಗೆಯಲಿಲ್ಲ. ಅದೇ ಕಸುಬಿನ ಬೇರೆ ಕಂಪನಿಯವರು ಹಂಗಿಸುವ ಬದಲು ಸಮಾಧಾನದ ಮಾತು ಕಳಿಸಿದರು. ಇಂದು ಅವನಿಗಾದದ್ದು ನಾಳೆ ತನಗಾದೀತೆಂದು ಆ ಕಸುಬಿನವರಿಗೆಲ್ಲ ಗೊತ್ತು.

ಒಬ್ಬರಿಗೆ ಶಿಕ್ಷೆಯಾದರೆ ಉಳಿದವರು ಹುಷಾರಾಗುತ್ತಾರೆ ಎನ್ನುವವರಿದ್ದಾರೆ. ಮೂವತ್ತು ವರ್ಷ ಮಕ್ಕಳ ನಡುವೆ ಕಳೆದವಳು ನಾನು. ಹೊಡೆತದ ಭಯವಿರುವ ಮಗು ತಪ್ಪನ್ನು ಬಿಡುವುದಿಲ್ಲ, ಬಚ್ಚಿಡುವುದನ್ನು ಕಲಿಯುತ್ತದೆ. ಕಚೇರಿಗಳೂ ಹಾಗೆಯೇ.

ದೊಡ್ಡವರಿಗೆ ಸರಿ, ಬಡ ಶಾಲೆಗೆ ಇದೆಲ್ಲ ಎಲ್ಲಿಂದ ಸಾಧ್ಯ ಎನ್ನಬೇಡಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ, ಇದು ಆ ಕಸುಬಿನವರ ಪಾಠ. ಮರಳಿ ತೆರೆದು ನೋಡದ ನಕಲನ್ನು ಅವರು ನಕಲೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ತಿಂಗಳಿಗೊಮ್ಮೆ ಬೇರೊಂದು ಕಂಪ್ಯೂಟರಿನಲ್ಲಿ ಆ ನಕಲನ್ನು ತೆರೆದು, ಹತ್ತು ಮಕ್ಕಳ ವಿವರವನ್ನು ಪುಸ್ತಕದೊಂದಿಗೆ ತಾಳೆ ನೋಡಲು ಅರ್ಧ ಗಂಟೆ ಸಾಕು. ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟಿದ ಹೆಂಗಸು ಬೂಸಲು ಹಿಡಿದಿದೆಯೇ ಎಂದು ಆಗಾಗ ಬಿಚ್ಚಿ ನೋಡುವುದಿಲ್ಲವೇ?

ಆ ಹುಡುಗಿಗೆ ಶಾರ್ಟ್‌ಕಟ್‌ಗೂ ಕಡತಕ್ಕೂ ಇರುವ ವ್ಯತ್ಯಾಸವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಎರಡು ವರ್ಷ ನಾವು ಯಾರೂ ಪರೀಕ್ಷಿಸಿರಲೂ ಇಲ್ಲ. ಈ ಎರಡು ಮಾತನ್ನು ಅಂದಿನ ಸಭೆಯಲ್ಲಿ ಎದ್ದು ನಿಂತು ಹೇಳಬೇಕಿತ್ತು. ನಾನು ತಲೆ ತಗ್ಗಿಸಿ ಕೂತಿದ್ದೆ.