‘ಸರ್ವರ್ ಬ್ಯುಸಿ’ ಸರಣಿ, ಭಾಗ 3: ಟೈಮರ್ ಎಲ್ಲಿಟ್ಟಿದ್ರಿ ಸಾರ್?

ಪರೀಕ್ಷಾ ಶುಲ್ಕದ ಕೊನೆ ದಿನ ಪೋರ್ಟಲ್ ಬಿದ್ದಾಗಲೆಲ್ಲ ಒಂದೇ ಉತ್ತರ: “ನೀವೆಲ್ಲ ಒಟ್ಟಿಗೆ ಬಂದ್ರಿ. ನಮ್ಮ ಲೋಡ್ ಟೆಸ್ಟ್ ಪಾಸಾಗಿತ್ತು.” ಪಾಸಾಗಿರಬಹುದು. ಆದ್ರೆ ಎಷ್ಟು ಲೋಡ್‌ಗೆ?

ಬಿಕಾಂ ಓದೋರಿಗೆ ಇದೆಲ್ಲ ಯಾಕೆ ಅಂತೀರಾ? ಇದು ಬರೀ ಲೆಕ್ಕ ಕಣ್ರೀ.

1/ ಅಪಾಚೆ ಜೆಮೀಟರ್ ಅಂತ ಉಚಿತ ಸಾಫ್ಟ್‌ವೇರ್ ಇದೆ. ಸಾವಿರ ಜನ ಸೈಟ್ ಬಳಸ್ತಿರೋ ಹಾಗೆ ಸರ್ವರ್‌ಗೆ ರಿಕ್ವೆಸ್ಟ್ ಕಳಿಸುತ್ತೆ. ನಾವು ಪೇಜ್ ಓದಿ ಆಮೇಲೆ ಕ್ಲಿಕ್ ಮಾಡ್ತೀವಲ್ಲ, ಆ ಅಂತರಕ್ಕೆ ಅದರಲ್ಲಿ ಟೈಮರ್ ಹಾಕ್ತಾರೆ.

2/ ಇಟ್ಟ ಜಾಗದಲ್ಲಿ ಟೈಮರ್ ಒಂದೇ ಸಲ ಓಡುತ್ತೆ ಅಂದ್ಕೋಬೇಡಿ. ಅದರ ವ್ಯಾಪ್ತಿಯಲ್ಲಿರೋ ಪ್ರತಿ ರಿಕ್ವೆಸ್ಟ್‌ಗೂ ಮುಂಚೆ ಓಡುತ್ತೆ. ಎರಡು ಟೈಮರ್ ಇದ್ರೆ ಎರಡೂ ಕೂಡಿಕೊಳ್ಳುತ್ತೆ.

3/ ಲೆಕ್ಕ ಹಾಕಿ. 1000 ಬಳಕೆದಾರರು. ಒಬ್ಬೊಬ್ಬರಿಗೆ 5 ರಿಕ್ವೆಸ್ಟ್, ಐದಕ್ಕೂ ಸೇರಿ 1 ಸೆಕೆಂಡ್. ನಡುವೆ ಒಂದೇ ಸಲ 4 ಸೆಕೆಂಡ್ ವಿರಾಮ ಅಂದ್ರೆ ಸುತ್ತಿಗೆ 5 ಸೆಕೆಂಡ್, ಸೆಕೆಂಡಿಗೆ 200 ಸುತ್ತು. ಅದೇ ಟೈಮರನ್ನ ಥ್ರೆಡ್ ಗ್ರೂಪ್ ಮಟ್ಟದಲ್ಲಿ ಇಟ್ರೆ 4 ಸೆಕೆಂಡ್ ಐದು ಸಲ ಬೀಳುತ್ತೆ. ಸುತ್ತಿಗೆ 21 ಸೆಕೆಂಡ್, ಸೆಕೆಂಡಿಗೆ ಸುಮಾರು 48 ಸುತ್ತು. ಕಾಲು ಭಾಗದ ಲೋಡೂ ಇಲ್ಲ. ವರದಿಯಲ್ಲಿ ಮಾತ್ರ “1000 ಬಳಕೆದಾರರು, ಪಾಸ್”!

4/ “ಟೂಲ್‌ನ ಟೈಮರೇ ಸರಿ ಇಲ್ಲ” ಅನ್ನೋದು ಇನ್ನೊಂದು ನೆಪ. ಒಂದೇ ರಿಕ್ವೆಸ್ಟ್‌ಗೆ ಬೇಕಾದ್ರೆ ಟೈಮರನ್ನ ಅದರ ಒಳಗೆ ಇಡಿ. ಒಂದೇ ಸಲ ನಿಲ್ಲಬೇಕಾದ್ರೆ ಫ್ಲೋ ಕಂಟ್ರೋಲ್ ಆಕ್ಷನ್ ಇದೆ. ಟೆಸ್ಟ್ ಓಡಿಸೋ ಕಂಪ್ಯೂಟರೇ ಸುಸ್ತಾದ್ರೂ ವಿರಾಮ ಉದ್ದ ಆಗುತ್ತೆ. ಅದಕ್ಕೇ ದೊಡ್ಡ ಟೆಸ್ಟನ್ನ ಕಿಟಕಿ-ಬಟನ್ ಇಲ್ಲದೆ ಕಮಾಂಡ್ ಲೈನ್‌ನಲ್ಲಿ ಓಡಿಸಿ ಅಂತ ಜೆಮೀಟರೇ ಹೇಳುತ್ತೆ.

5/ ಇನ್ನೊಂದು ಮಾತು. ಜೆಮೀಟರ್‌ನ ನಕಲಿ ಬಳಕೆದಾರ ಉತ್ತರ ಬರೋವರೆಗೂ ಮುಂದಿನ ರಿಕ್ವೆಸ್ಟ್ ಕಳಿಸಲ್ಲ. ಸರ್ವರ್ ನಿಧಾನ ಆದಷ್ಟೂ ಲೋಡ್ ತಾನೇ ಇಳಿಯುತ್ತೆ. ಕೊನೆ ದಿನ ನಾವು ಹಾಗೆ ಇರ್ತೀವಾ? ಪೇಜ್ ಬರದಿದ್ರೆ ರಿಫ್ರೆಶ್ ಒತ್ತುತ್ತೀವಿ, ಹಿಂದಿಂದ ಇನ್ನಷ್ಟು ಜನ ಬರ್ತಾರೆ.

6/ ಹಾಗಾಗಿ “ಎಷ್ಟು ಬಳಕೆದಾರರು” ಅನ್ನೋ ಒಂದೇ ಅಂಕಿ ನಂಬಬೇಡಿ. ವೋಚರ್ ನೋಡದೆ ಬ್ಯಾಲೆನ್ಸ್ ಶೀಟ್‌ಗೆ ಸಹಿ ಹಾಕೋ ಆಡಿಟರ್‌ನ ನಾವು ಒಪ್ತೀವಾ? ಸೆಕೆಂಡಿಗೆ ಎಷ್ಟು ರಿಕ್ವೆಸ್ಟ್ ನಿಜವಾಗಿ ಹೋಯ್ತು, ಕಾಗದದ ಲೆಕ್ಕಕ್ಕೆ ಹೊಂದುತ್ತಾ, ಅದನ್ನ ತೋರಿಸಿ. ಅಲ್ಲಿವರೆಗೂ ದಂಡ ಶುಲ್ಕ ನಮ್ಮ ತಲೆಗೆ ಕಟ್ಟೋದು ಅನ್ಯಾಯ.

ನಿಮ್ಮ ಪೋರ್ಟಲ್ ಯಾವ ದಿನ ಬಿತ್ತು? ಕಾಮೆಂಟ್ ಹಾಕಿ. ಭಾಗ 4ರಲ್ಲಿ: ದುಡ್ಡು ಕಟ್ಟಾಯ್ತು, ರಸೀದಿ ಎಲ್ಲಿ?

#ಸರ್ವರ್‌ಬ್ಯುಸಿ #ಲೆಕ್ಕಕೊಡಿ #ಬಿಕಾಂಕನ್ನಡ